ಎದುರು ವೇಷಕ್ಕೊಂದು ಪದ್ಯ

ಕುಮಟಾ ತಾಲೂಕಿನ ಗೋಕರ್ಣ ಮತ್ತು ಧಾರೇಶ್ವರ, ಹೊನ್ನಾವರದ ಗುಣವಂತೆ, ಭಟ್ಕಳದ ಮುರ್ಡೇಶ್ವರ, ಕಾರವಾರದ ಕಡೆಯ ಸಜ್ಜೇಶ್ವರ. ಈ ಕರಾವಳಿಯ ಪಂಚಕ್ಷೇತ್ರಗಳು ಎಲ್ಲೆಲ್ಲಿ ಇರಬೇಕೆಂದು ತೀರ್ಮಾನಿಸಿದವನು ಸ್ಥಳಪುರಾಣದ ಪ್ರಕಾರ ಲಂಕೆಯ ರಾವಣ. ಶಿವನಿಂದ ಪಡೆದ ಆತ್ಮಲಿಂಗ ನೆಲಕ್ಕೆ ಕಚ್ಚಿಕೊಂಡು, ಎಷ್ಟು ಕಿತ್ತರೂ ಬಾರದಾದಾಗ ಅವನು ಸಿಟ್ಟಿನಿಂದ ಎಸೆದ ಕರಡಿಗೆ, ಮುಚ್ಚಳ, ದಾರ, ಬಟ್ಟೆ ಬಿದ್ದ ಜಾಗದಲ್ಲೆಲ್ಲ ಒಂದೊಂದು ಗುಡಿ ಎದ್ದಿತು. ಯಾವುದು ಎಲ್ಲಿ ಬಿತ್ತು ಎನ್ನುವುದು ಹೇಳುವ ಬಾಯಿಂದ ಬಾಯಿಗೆ ಸ್ವಲ್ಪ ಬದಲಾಗುತ್ತದೆ. ಎಸೆದವನು ಮಾತ್ರ ಬದಲಾಗುವುದಿಲ್ಲ. ಮುರ್ಡೇಶ್ವರದಲ್ಲಿ 123 ಅಡಿಯ ಶಿವನ ಬಳಿಯಲ್ಲೇ, ವಟುವಿನ ಕೈಗೆ ಲಿಂಗ ಒಪ್ಪಿಸುತ್ತಿರುವ ರಾವಣನೂ ನಿಂತಿದ್ದಾನೆ. ಮೂರು ಲೋಕವನ್ನು ನಡುಗಿಸಿದವನು ಇಲ್ಲಿ ಸೋತದ್ದು ಒಬ್ಬ ಪುಟ್ಟ ಹುಡುಗನಿಗೆ, ಅದೂ ಒಂದು ಏಟನ್ನೂ ತಿನ್ನದೆ. ಸೂರ್ಯನಿಗೆ ವಿಷ್ಣುವಿನ ಚಕ್ರ ಅಡ್ಡವಾಯಿತು, ಹೊತ್ತು ಮುಳುಗಿತೆಂದು ತಿಳಿದ ರಾವಣ ಸಂಧ್ಯಾವಂದನೆಗೆ ಹೋದ, ಮೂರು ಸಲ ಕೂಗಿದರೂ ಬಾರದ್ದಕ್ಕೆ ವಟುವೇಷದ ಗಣಪತಿ ಲಿಂಗವನ್ನು ಕೆಳಗಿಟ್ಟ. ಇಲ್ಲಿ ಗಮನಿಸಬೇಕಾದದ್ದು ರಾವಣನನ್ನು ಕೆಡವಿದ್ದು ಅವನ ಕೇಡಿಗತನ ಅಲ್ಲವೆಂಬುದನ್ನು. ಹೊತ್ತು ತಪ್ಪಿಸದ ನಿಷ್ಠೆಯೇ ಅವನಿಗೆ ಮುಳುವಾಯಿತು. ಖಳನಿಗೂ ಒಂದು ಶ್ರದ್ಧೆಯಿದೆ ಎಂದು ಒಪ್ಪಿಕೊಂಡ ಮೇಲೇ ಈ ಕಥೆ ಅವನನ್ನು ಸೋಲಿಸಲು ಹೊರಡುತ್ತದೆ.

ಸೂಪರ್‌ಹೀರೋ ಕಾಮಿಕ್ಸ್ ಓದುವ ಇಂದಿನ ಹುಡುಗರಿಗೆ ಇದನ್ನು ಹೇಳಿದರೆ, ಹೊಡೆದಾಟ ಎಲ್ಲಿ ಎಂದು ಕೇಳಿಯಾರು. ಕೇಳುವುದು ತಪ್ಪಲ್ಲ. ಆ ಪ್ರಕಾರ ಹುಟ್ಟಿ ಬೆಳೆದದ್ದೇ ಮುಷ್ಟಿಯಿಂದ. 1941ರ ಮಾರ್ಚ್ ತಿಂಗಳ ಹೆಸರು ಹೊತ್ತು ಬಂದ ಕ್ಯಾಪ್ಟನ್ ಅಮೆರಿಕಾದ ಮೊದಲ ಸಂಚಿಕೆಯ ಮುಖಪುಟದಲ್ಲಿ ನಾಯಕ ಹಿಟ್ಲರನ ದವಡೆಗೆ ಗುದ್ದುತ್ತಾನೆ. ಅಮೆರಿಕ ಆಗಿನ್ನೂ ಯುದ್ಧಕ್ಕೆ ಇಳಿದಿರಲಿಲ್ಲ; ಜೋ ಸೈಮನ್ ಮತ್ತು ಜ್ಯಾಕ್ ಕಿರ್ಬಿ ಎಂಬ ಇಬ್ಬರು ಯಹೂದಿ ಯುವಕರು ಸರ್ಕಾರಕ್ಕಿಂತ ಮೊದಲೇ ಯುದ್ಧ ಸಾರಿದ್ದರು. ಅದು ಧೈರ್ಯದ ಚಿತ್ರ, ಸಂಶಯವಿಲ್ಲ. ಆದರೆ ಅಲ್ಲಿನ ಹಿಟ್ಲರನಿಗೆ ಮಾತಿಲ್ಲ, ಏಟು ತಿನ್ನುವುದಷ್ಟೇ ಕೆಲಸ. ಅದೇ ಕಿರ್ಬಿ ಮುಂದೆ ಸೈನಿಕನಾಗಿ ಫ್ರಾನ್ಸಿನ ರಣರಂಗ ಕಂಡು ಬಂದ. 1970ರಲ್ಲಿ ಡಾರ್ಕ್‌ಸೈಡ್ ಎಂಬ ಖಳನನ್ನು ಸೃಷ್ಟಿಸುವ ಹೊತ್ತಿಗೆ ಅವನ ಕೈ ಬದಲಾಗಿತ್ತು. ಡಾರ್ಕ್‌ಸೈಡ್‌ಗೆ ನಗರ ಸುಡುವ ಆತುರವಿಲ್ಲ. ಅವನು ಹುಡುಕುತ್ತಿರುವುದು ಒಂದು ಸೂತ್ರವನ್ನು. ಅದು ಕೈಗೆ ಸಿಕ್ಕರೆ ಎಲ್ಲರ ಇಚ್ಛೆಯೂ ಅವನದೇ ಇಚ್ಛೆಯಾಗುತ್ತದೆ. ದಬ್ಬಾಳಿಕೆಯನ್ನು ಹತ್ತಿರದಿಂದ ಕಂಡವನಿಗೆ ಅದು ಬರೀ ತೋಳಬಲವಲ್ಲ, ಅದಕ್ಕೊಂದು ತರ್ಕವಿದೆ, ಒಪ್ಪಿಸುವ ಶಕ್ತಿಯಿದೆ ಎಂದು ಗೊತ್ತಾಗಿತ್ತು. ಅಂಥವನನ್ನು ಗುದ್ದಿ ಮುಗಿಸಲಾಗದು. 2009ರಲ್ಲಿ ಮುಗಿದ ‘ಫೈನಲ್ ಕ್ರೈಸಿಸ್’ ಸರಣಿಯಲ್ಲಿ ಗ್ರಾಂಟ್ ಮಾರಿಸನ್ ಎಂಬ ಲೇಖಕ ಡಾರ್ಕ್‌ಸೈಡ್‌ನ ಕೊನೆಯ ಅಂಶವನ್ನು ಸೂಪರ್‌ಮ್ಯಾನ್‌ನ ಗಾಯನದಿಂದ ಚದುರಿಸಬೇಕಾಯಿತು. ಓದಿದವರಲ್ಲಿ ಕೆಲವರಿಗೆ ಅದು ತಮಾಷೆಯಾಗಿ ಕಂಡಿತು. ಯಕ್ಷಗಾನದ ಭಾಗವತರ ಒಂದು ಪದ್ಯಕ್ಕೆ ರಂಗಸ್ಥಳವೇ ತಿರುಗುವುದನ್ನು ಕಂಡ ಹೊನ್ನಾವರದವರಿಗೆ ಅದರಲ್ಲಿ ತಮಾಷೆಯೇನೂ ಕಾಣಲಿಕ್ಕಿಲ್ಲ.

ಇನ್ನೂ ಹತ್ತಿರದ ಉದಾಹರಣೆ 1989ರದು. ‘ಸ್ಯಾಂಡ್‌ಮನ್’ ಕಾಮಿಕ್ಸ್ ಸರಣಿಯ ನಾಲ್ಕನೆಯ ಸಂಚಿಕೆಯಲ್ಲಿ ಕನಸುಗಳ ಒಡೆಯ ತನ್ನ ಶಿರಸ್ತ್ರಾಣವನ್ನು ಮರಳಿ ಪಡೆಯಲು ನರಕಕ್ಕೆ ಹೋಗುತ್ತಾನೆ. ಅಲ್ಲಿನ ದೈತ್ಯನೊಬ್ಬನೊಂದಿಗೆ ಪಂದ್ಯ. ಪಂದ್ಯವೆಂದರೆ ಮಾತು: ಒಬ್ಬ ತಾನು ತೋಳ ಎಂದರೆ ಇನ್ನೊಬ್ಬ ತಾನು ಬೇಟೆಗಾರ ಎನ್ನಬೇಕು, ಹೀಗೆ ಒಂದನ್ನೊಂದು ಮೀರುತ್ತ ಹಾವು, ರೋಗಾಣು, ಬ್ರಹ್ಮಾಂಡದವರೆಗೆ ಏರಬೇಕು. ದೈತ್ಯ ಕೊನೆಗೆ ತಾನು ಎಲ್ಲದರ ಅಂತ್ಯ, ಜೀವವಿರೋಧ ಎನ್ನುತ್ತಾನೆ. ಎದುರಾಳಿ ತಾನು ಭರವಸೆ ಎನ್ನುತ್ತಾನೆ. ಅದಕ್ಕೆ ಮೀರಿದ ರೂಪ ದೈತ್ಯನಿಗೆ ಹೊಳೆಯುವುದಿಲ್ಲ, ತಡವರಿಸಿ ಸೋಲುತ್ತಾನೆ. ಇದನ್ನು ನಮ್ಮ ಕಡೆ ತಾಳಮದ್ದಳೆ ಎನ್ನುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಮಾತಿನಲ್ಲಿ ರಣರಂಗ ಕಟ್ಟುತ್ತಾರೆ. ವಾಲಿವಧೆಯ ತಾಳಮದ್ದಳೆಗೆ ಜನ ಸೇರುವುದು ಬಾಣ ಬಿಡುವುದನ್ನು ನೋಡಲಿಕ್ಕಲ್ಲ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಕೇಳುವ ಪ್ರಶ್ನೆಗಳಿಗಾಗಿ, ಮರೆಯಲ್ಲಿ ನಿಂತು ಹೊಡೆದವನು ಅದಕ್ಕೆ ಏನೆನ್ನುತ್ತಾನೆ ಎನ್ನುವುದಕ್ಕಾಗಿ. ವಾಲಿ ಸಪ್ಪೆಯಾದ ರಾತ್ರಿ ರಾಮನ ಧರ್ಮವೂ ಸಪ್ಪೆಯೇ. ನನ್ನ ವಾದ ಇಷ್ಟೇ: ಭರವಸೆಗೂ ದಬ್ಬಾಳಿಕೆಗೂ ನಡೆಯುವ ಕೊನೆಯ ಕಾಳಗದ ತೂಕ ನಿಂತಿರುವುದು ದಬ್ಬಾಳಿಕೆಗೆ ನಾವು ಎಷ್ಟು ಜಾಗ, ಎಷ್ಟು ಮಾತು, ಎಷ್ಟು ಚೆಲುವು ಕೊಡುತ್ತೇವೆ ಎನ್ನುವುದರ ಮೇಲೆ. ಈ ಕರಾವಳಿಯ ಆಟ ಅದನ್ನು ಕಾಮಿಕ್ಸಿಗಿಂತ ಮೊದಲೇ ಅರಿತಿತ್ತು, ಹೆಚ್ಚು ಚೆನ್ನಾಗಿಯೂ ಅರಿತಿತ್ತು.

ಅರಿತಿತ್ತು ಎನ್ನಲು ಪುರಾವೆ ಬೇಕಾದರೆ ಮೇಳಗಳು ತಮ್ಮ ಅತ್ಯುತ್ತಮ ಕಲಾವಿದರಿಗೆ ಯಾವ ಪಾತ್ರ ಕೊಟ್ಟವೆಂದು ನೋಡಬೇಕು. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2012ರಲ್ಲಿ ಪದ್ಮಶ್ರೀ ಪಡೆದರು, ಯಕ್ಷಗಾನಕ್ಕೆ ಬಂದ ಮೊದಲ ಪದ್ಮಶ್ರೀ ಅದು. ಅವರ ಹೆಸರು ಹೇಳಿದ ಕೂಡಲೇ ಜನರ ಕಣ್ಣಿಗೆ ಬರುವುದು ಕೀಚಕ, ಭಸ್ಮಾಸುರ. ಎರಡೂ ಎಂಥ ಪಾತ್ರಗಳು! ಕೀಚಕ ವಿರಾಟನ ಭಾವಮೈದುನ, ರಾಜ್ಯದ ತೋಳು. ಸೈರಂಧ್ರಿ ತುಂಬಿದ ಸಭೆಯಲ್ಲಿ ನ್ಯಾಯ ಕೇಳಿದರೂ ಸಿಂಹಾಸನದ ಮೇಲಿರುವ ದೊರೆ ಬಾಯಿ ಬಿಡುವುದಿಲ್ಲ. ದಬ್ಬಾಳಿಕೆಯ ನಿಜವಾದ ಚಿತ್ರ ಆ ಮೌನವೇ. ಭರವಸೆ ಎಲ್ಲಿದೆ ಎಂದರೆ ರಾತ್ರಿ ಹೊತ್ತು ಅವಳು ತಡಕಿಕೊಂಡು ಹೋಗುವ ಅಡುಗೆಮನೆಯಲ್ಲಿ, ವಲಲನೆಂಬ ಅಡುಗೆಯವನ ಹತ್ತಿರ. ಆದರೆ ಕೀಚಕ ಬರೀ ಕಾಮುಕನಾಗಿ, ಮೊದಲ ನೋಟಕ್ಕೇ ಅಸಹ್ಯವಾಗಿ ಬಂದುಬಿಟ್ಟರೆ ಆ ಸಭೆಯ ಹೆದರಿಕೆ ನಮಗೆ ಅರ್ಥವಾಗದು. ಇವನನ್ನು ಇಷ್ಟು ದಿನ ಎಲ್ಲರೂ ಯಾಕೆ ಸಹಿಸಿಕೊಂಡರು ಎನ್ನುವುದು ಅವನ ಬೆಡಗಿನಲ್ಲೇ ಕಾಣಬೇಕು. ಅವನು ರಸಿಕನಾಗಿ, ಗತ್ತಿನಿಂದ, ತನ್ನ ಆಸೆಯನ್ನು ತಾನೇ ಮೆಚ್ಚಿಕೊಳ್ಳುತ್ತ ಪ್ರವೇಶಿಸಬೇಕು.

ಭಸ್ಮಾಸುರನ ಕೊನೆಯನ್ನಂತೂ ತುಸು ನಿಧಾನವಾಗಿ ನೋಡಬೇಕು. ಉರಿಹಸ್ತದ ವರ ಪಡೆದವನು ಕೊಟ್ಟವನ ತಲೆಯ ಮೇಲೇ ಕೈಯಿಡಲು ಹೊರಡುತ್ತಾನೆ; ಶಿವನಿಗೇ ಓಡುವ ಪಾಡು. ಆಗ ಮೋಹಿನಿ ಬರುತ್ತಾಳೆ, ತನ್ನಂತೆ ಕುಣಿಯಬಲ್ಲವನಿಗೆ ತಾನು ಒಲಿಯುವೆ ಎನ್ನುತ್ತಾಳೆ. ಅವಳು ಸೊಂಟಕ್ಕೆ ಕೈಯಿಟ್ಟರೆ ಅವನೂ ಇಡುತ್ತಾನೆ. ಕತ್ತು ಕೊಂಕಿಸಿದರೆ ಅವನೂ ಕೊಂಕಿಸುತ್ತಾನೆ. ದೊಡ್ಡ ಕಿರೀಟ ಹೊತ್ತ ರಕ್ಕಸನ ಮೈ ಹೆಣ್ಣಿನ ಲಾಸ್ಯವನ್ನು ಕಲಿಯುವಾಗ ಮೊದಮೊದಲು ನಗು ಬರುತ್ತದೆ. ಆಮೇಲೆ ನಗು ನಿಲ್ಲುತ್ತದೆ, ಏಕೆಂದರೆ ಅವನು ನಿಜವಾಗಿಯೂ ಚೆನ್ನಾಗಿ ಕುಣಿಯತೊಡಗಿರುತ್ತಾನೆ. ಮದ್ದಳೆಯ ನಡೆ ಚುರುಕಾಗುತ್ತದೆ, ಚಂಡೆ ಸೇರುತ್ತದೆ, ಅವನಿಗೆ ವರ ಮರೆತಿದೆ, ಕೈಯಲ್ಲಿರುವ ಬೆಂಕಿ ಮರೆತಿದೆ. ಅವಳ ಕೈ ತಲೆಗೆ ಹೋಗುತ್ತದೆ, ಅವನದೂ ಹೋಗುತ್ತದೆ. ಇದು ಬರೀ ಮೋಸದ ಕಥೆಯಾಗಿದ್ದರೆ ಇಷ್ಟು ಕಾಲ ಬಾಳುತ್ತಿರಲಿಲ್ಲ. ಬೇರೆಯವರ ತಲೆಯ ಮೇಲೆ ಕೈಯಿಡುವುದನ್ನಷ್ಟೇ ಬಲ್ಲವನು ಮೊದಲ ಬಾರಿಗೆ ಇನ್ನೊಬ್ಬರ ಲಯಕ್ಕೆ ತನ್ನನ್ನು ಒಪ್ಪಿಸಿಕೊಂಡ ಗಳಿಗೆಯೇ ಅವನ ಕೊನೆಯ ಗಳಿಗೆಯೂ ಆಗುತ್ತದೆ. ಕುಣಿಯಲಾರದ ಭಸ್ಮಾಸುರನನ್ನು ರಂಗಕ್ಕೆ ಬಿಟ್ಟರೆ ಮೋಹಿನಿಗೆ ಮಾಡುವ ಕೆಲಸವೇ ಇರುವುದಿಲ್ಲ.

ಇದಕ್ಕೆ ಆಕ್ಷೇಪವಿದೆ, ಅದು ಹಗುರಾದದ್ದಲ್ಲ. ಖಳನಿಗೆ ಚೆಲುವು ಕೊಟ್ಟರೆ ಜನ ಖಳನನ್ನೇ ಮೆಚ್ಚುತ್ತಾರೆ. ಕೀಚಕನ ಪ್ರವೇಶಕ್ಕೆ ಶಿಳ್ಳೆ ಹೊಡೆದವರು ಸೈರಂಧ್ರಿಯ ಅಳಲಿಗೆ ಚಹಾ ಕುಡಿಯಲು ಎದ್ದು ಹೋಗುತ್ತಾರೆ. ಹೌದು, ಹೋಗುತ್ತಾರೆ. ಕಾಮಿಕ್ಸ್ ಲೋಕದಲ್ಲೂ ಖಳರ ಮುಖವಿರುವ ಅಂಗಿಗಳು ನಾಯಕರ ಅಂಗಿಗಳಿಗೆ ಸರಿಸಾಟಿಯಾಗಿ ಮಾರಾಟಕ್ಕಿರುತ್ತವೆ. ಆದರೆ ಇದಕ್ಕೆ ಖಳನ ಬಾಯಿ ಮುಚ್ಚಿಸುವುದು ಮದ್ದಲ್ಲ. ನಿರಂಕುಶ ಅಧಿಕಾರ ಜನರನ್ನು ಸೆಳೆಯುವುದು ಆಕರ್ಷಕವಾಗಿಯೇ: ಅಬ್ಬರದ ಮೆರವಣಿಗೆ, ಒಳ್ಳೆಯ ವಾಗ್ಮಿತೆ, ಎಲ್ಲವನ್ನೂ ಒಂದೇ ಏಟಿಗೆ ಸರಿಮಾಡುವ ಭರವಸೆಯ ವೇಷ. ಅದನ್ನು ವಿಕಾರವಾಗಿಯಷ್ಟೇ ತೋರಿಸಿ ಬೆಳೆಸಿದ ಪ್ರೇಕ್ಷಕ, ನಾಳೆ ಅದು ಸುಂದರವಾಗಿ ಬಂದಾಗ ಗುರುತು ಹಿಡಿಯಲಾರ. ಆಟದಲ್ಲಿ ಶಿಳ್ಳೆ ಹೊಡೆದವನು ಅದೇ ರಾತ್ರಿ ಆ ಸೆಳೆತಕ್ಕೆ ತಾನೂ ಸಿಕ್ಕಿದ್ದೆನೆಂದು ತಿಳಿಯುವ ಸಾಧ್ಯತೆಯಾದರೂ ಇದೆ. ಸೈರಂಧ್ರಿಯ ಪಾತ್ರಕ್ಕೆ ಅಷ್ಟೇ ಸಮರ್ಥ ಕಲಾವಿದ ಬೇಕು ಎನ್ನುವ ದೂರು ಬೇರೆ. ಅದನ್ನು ಪೂರ್ತಿ ಒಪ್ಪುತ್ತೇನೆ. ಎಷ್ಟೋ ಪ್ರದರ್ಶನಗಳಲ್ಲಿ ಕೀಚಕನಿಗೆ ಮುಕ್ಕಾಲು ರಾತ್ರಿ ಸಂದು ಅವಳಿಗೆ ಉಳಿದದ್ದು ಸಿಗುತ್ತದೆ. ತೂಕ ಎರಡೂ ತಟ್ಟೆಗೆ ಬೇಕು.

ಇನ್ನೊಂದು ಆಕ್ಷೇಪ ಕಾಮಿಕ್ಸಿಗೂ ಆಟಕ್ಕೂ ಒಟ್ಟಿಗೆ ಅನ್ವಯಿಸುವಂಥದ್ದು: ಗೆಲ್ಲುವವರು ಯಾರೆಂದು ಮೊದಲೇ ಗೊತ್ತಿರುವಲ್ಲಿ ಭರವಸೆಗೆ ಏನು ಅರ್ಥ? ದುರ್ಯೋಧನನ ತೊಡೆ ಮುರಿಯುತ್ತದೆಂದು ರನ್ನನ ಕಾಲದಿಂದ, ಅಂದರೆ ಹತ್ತನೆಯ ಶತಮಾನದಿಂದ, ಕನ್ನಡಿಗರಿಗೆಲ್ಲ ಗೊತ್ತು. ಹಾಗಿದ್ದೂ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಗುಣವಂತೆಯಲ್ಲಿ ಕಟ್ಟಿದ ಇಡಗುಂಜಿ ಮೇಳದಿಂದ ಹಿಡಿದು ಇಂದಿನವರೆಗೆ ಬಡಾಬಡಗು ಯಕ್ಷಗಾನದ ಹಿರಿಯರನೇಕರು ಕೌರವನ ಪಾತ್ರವನ್ನು ತಮ್ಮ ಕಸುಬಿನ ಪರೀಕ್ಷೆ ಎಂದುಕೊಂಡರು. ಕೊಳದಲ್ಲಿ ಅಡಗಿದವನನ್ನು ಭೀಮನ ಹಂಗಿಸುವ ಮಾತು ಹೊರಗೆಳೆಯುತ್ತದೆ. ಬಚ್ಚಿಟ್ಟುಕೊಂಡರೆ ಬದುಕುವೆನೆಂದು ತಿಳಿದೂ ಛಲ ಅವನನ್ನು ಮೇಲೆ ತರುತ್ತದೆ. ಕೊನೆಗೆ ಏಟು ಬೀಳುವುದು ನಿಯಮ ಮೀರಿ, ಸೊಂಟದ ಕೆಳಗೆ. ಬಿದ್ದ ಕೌರವ ಕೃಷ್ಣನನ್ನು ಪ್ರಶ್ನಿಸುವಾಗ ಸಭೆಯಲ್ಲಿ ಕೂತವರ ಮನಸ್ಸು ಇಬ್ಭಾಗವಾಗುತ್ತದೆ. ಏನಾಗುತ್ತದೆ ಎಂಬ ಕುತೂಹಲ ಅಲ್ಲಿ ಮೊದಲೇ ಇಲ್ಲ. ಆಗಬೇಕಾದ್ದು ಆಗುವಾಗ ಗೆದ್ದವರ ಕೈಯೂ ಎಷ್ಟು ಕೊಳೆಯಾಯಿತು ಎನ್ನುವ ಲೆಕ್ಕ ಮಾತ್ರ ಉಳಿಯುತ್ತದೆ. ಫಲಿತಾಂಶ ಗೊತ್ತಿದ್ದೂ ಬೆಳಗಿನವರೆಗೆ ಕಾಯುವ ಪ್ರೇಕ್ಷಕ ಸೋತವನ ವಾದವನ್ನು ಕೇಳಿಸಿಕೊಳ್ಳಲು ಒಪ್ಪಿರುತ್ತಾನೆ, ಮತ್ತು ಕೇಳಿಯೂ ಭೀಮನ ಕಡೆಯಲ್ಲೇ ನಿಲ್ಲುತ್ತಾನೆ. ಕ್ಯಾಪ್ಟನ್ ಅಮೆರಿಕಾದ ಮುಖಪುಟ ಓದುಗನಿಂದ ಅಷ್ಟನ್ನು ಕೇಳಲಿಲ್ಲ. ಯುದ್ಧದ ದಿನಗಳಲ್ಲಿ ಕೇಳಬೇಕಾಗಿಯೂ ಇರಲಿಲ್ಲ ಎಂದು ವಾದಿಸಬಹುದು. ಮುಷ್ಟಿಗೂ ಒಂದು ಕಾಲವಿದೆ.

ಎಲ್ಲಕ್ಕಿಂತ ಕಷ್ಟದ ಆಕ್ಷೇಪ ಇತಿಹಾಸದ್ದು. ಪ್ರಸಂಗಕ್ಕೆ ಮಂಗಳವಿದೆ, ಸರಣಿಗೆ ಕೊನೆಯ ಸಂಚಿಕೆಯಿದೆ, ಊರಿನ ಚರಿತ್ರೆಗೆ ಎರಡೂ ಇಲ್ಲ. ಕುಮಟಾ, ಹೊನ್ನಾವರ, ಭಟ್ಕಳ ಈ ಮೂರು ತಾಲೂಕುಗಳ ರೇವುಗಳು ಹದಿನಾರನೆಯ ಶತಮಾನವಿಡೀ ಬೆಂಕಿ ಕಂಡವು: 1505ರಲ್ಲಿ ಪೋರ್ಚುಗೀಸರು ಹೊನ್ನಾವರದಲ್ಲಿ ಹಡಗು ಸುಟ್ಟರು, 1542ರಲ್ಲಿ ಭಟ್ಕಳವನ್ನು ಸೂರೆಮಾಡಿದರು. ಅಂಥ ಕಾಲದಲ್ಲಿ ಗೇರುಸೊಪ್ಪೆಯಲ್ಲಿ ಕೂತು ಚೆನ್ನಭೈರಾದೇವಿ ಅರ್ಧ ಶತಮಾನದಷ್ಟು ಕಾಲ ಆಳಿದಳು. ಕುಮಟಾದ ಮಿರ್ಜಾನ್ ಕೋಟೆ ಇಂದಿಗೂ ಅವಳ ಹೆಸರಲ್ಲೇ ನಿಂತಿದೆ, ಪೋರ್ಚುಗೀಸರು ಅವಳನ್ನು ಕಾಳುಮೆಣಸಿನ ರಾಣಿ ಎಂದರು. ಕೊನೆಗೆ ಅವಳನ್ನು ಸೋಲಿಸಿದ್ದು ಸಮುದ್ರದಿಂದ ಬಂದವರಲ್ಲ, ಘಟ್ಟದ ಮೇಲಿನ ಕೆಳದಿಯ ವೆಂಕಟಪ್ಪ ನಾಯಕ. 1606ರ ಸುಮಾರಿಗೆ ರಾಜ್ಯ ಹೋಯಿತು, ರಾಣಿ ಕೆಳದಿಯವರ ಸೆರೆಯಲ್ಲಿ ಸತ್ತಳು. 1623ರಲ್ಲಿ ಹೊನ್ನಾವರದಿಂದ ಇಕ್ಕೇರಿಗೆ ಹೋದ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ ಗೇರುಸೊಪ್ಪೆಯನ್ನು ಹಾಳುಬಿದ್ದ ಊರಾಗಿ ಕಂಡ. ಅವನ ಕಿವಿಗೆ ಬಿದ್ದ ಕಥೆಯಲ್ಲಿ ರಾಣಿ ಒಬ್ಬ ಪರಕೀಯನನ್ನು ಪ್ರೀತಿಸಿ ಅಧಿಕಾರ ಕೊಟ್ಟು, ಅವನ ದ್ರೋಹದಿಂದ ಕೆಟ್ಟವಳು. ಅಷ್ಟು ವರ್ಷಗಳ ರಾಜ್ಯಭಾರ ಇಪ್ಪತ್ತು ವರ್ಷ ತುಂಬುವುದರೊಳಗೆ ಒಂದು ಪ್ರೇಮಪ್ರಕರಣವಾಗಿ ಕುಗ್ಗಿತ್ತು. ಸೋತವರ ಅರ್ಥಗಾರಿಕೆಯನ್ನು ಯಾರೂ ಹೇಳದಿದ್ದರೆ ಹೀಗೇ ಆಗುತ್ತದೆ.

ಚೆನ್ನಭೈರಾದೇವಿಯನ್ನು ರಂಗಕ್ಕೆ ತರುವವರಿಗೆ ದೊಡ್ಡ ತೊಡಕು ರಾಣಿಯ ಪಾತ್ರದ್ದಲ್ಲ. ಆ ಪಾತ್ರಕ್ಕೆ ಮೆಚ್ಚುಗೆ ತಾನಾಗಿ ಬರುತ್ತದೆ. ವೆಂಕಟಪ್ಪ ನಾಯಕನಿಗೆ ಏನು ಮಾತು ಬರೆಯುವುದು ಎನ್ನುವುದೇ ತೊಡಕು. ಅವನನ್ನು ಮೀಸೆ ತಿರುವುವ ದುರುಳನಾಗಿಸಿದರೆ ಕೆಲಸ ಸುಲಭ, ಪ್ರಸಂಗ ಸುಳ್ಳು. ಅವನು ಪೋರ್ಚುಗೀಸರನ್ನು ಎದುರಿಸಿ ನಿಂತ ದೊರೆ. ಘಟ್ಟದ ಮೆಣಸು ಕೆಳಗಿಳಿದು ಯಾರದೋ ರೇವಿನಲ್ಲಿ ಪರಂಗಿಯವರಿಗೆ ಸಂದಾಯವಾಗುವುದನ್ನು ತಾನು ಯಾಕೆ ನೋಡುತ್ತ ಕೂರಬೇಕೆಂದು ಅವನು ಕೇಳಬಹುದು, ವಿಜಯನಗರ ಬಿದ್ದ ಮೇಲೆ ಚಿಕ್ಕ ಚಿಕ್ಕ ರಾಜ್ಯಗಳು ಒಂಟಿಯಾಗಿ ಎಷ್ಟು ದಿನ ಉಳಿಯುತ್ತವೆ ಎಂದೂ ಕೇಳಬಹುದು. ರಾಣಿ ಅದಕ್ಕೆ ಉತ್ತರ ಕೊಡಬೇಕು, ಗೆಲ್ಲುವ ಆಸೆ ಇಟ್ಟುಕೊಳ್ಳದೆ ಕೊಡಬೇಕು. ನಾಯಕನ ವೇಷಕ್ಕೆ ಮೇಳ ತನ್ನಲ್ಲಿರುವ ಅತಿ ಒಳ್ಳೆಯ ಮಾತುಗಾರನನ್ನೇ ಬಿಡಬೇಕಾಗುತ್ತದೆ, ರಾಣಿಗೆ ಅವನಿಗಿಂತ ಒಂದು ಕೈ ಮೇಲಾದವನನ್ನೋ ಮೇಲಾದವಳನ್ನೋ.