ಚಟ ಎಂತದೂ ಇಲ್ಲೆ



ನಮ್ಮಣ್ಣನಿಗೆ ಹುಟ್ಟಿನಿಂದಲೇ ಹಿಮೋಫಿಲಿಯಾ. ಗದ್ದೆ ಅಂಚಿನಲ್ಲಿ ಕಾಲು ಜಾರಿದರೂ ಸಾಕು, ಒಳಗೇ ರಕ್ತ ಸೋರಿ ಮೊಣಕಾಲು ಊದ್ತಿತ್ತು. ಬೇಕಾದದ್ದು ಫ್ಯಾಕ್ಟರ್ 8. ಕಿರಿಮಂಜೇಶ್ವರದ ಕಾಲನಿಯ ಕೂಲಿಯವರಿಗೆ 90ರ ದಶಕದಲ್ಲಿ ಅದೆಲ್ಲಿ ಸಿಗಬೇಕು? ಸಿಕ್ಕಿದ್ದು ಯಾರ್ಯಾರದೋ ರಕ್ತ, ಪ್ಲಾಸ್ಮಾ. (ಬಾವಿ ಮುಟ್ಟಲು ಬಿಡದವರದ್ದೂ ಇದ್ದಿರಬಹುದು, ಇರ್ಲಿ.)

ವರ್ಷಗಳ ನಂತರ ಹೆಪಟೈಟಿಸ್ ಸಿ ಅಂತ ತಿಳಿದಾಗ ಒಂದು ಆಸ್ಪತ್ರೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಎಂತ ಚಟ ಉಂಟು ನಿಂಗೆ?" ಅಮ್ಮ ಬಿಡಲಿಲ್ಲ: "ಅವ್ನಿಗೆ ಚಟ ಎಂತದೂ ಇಲ್ಲೆ. ರಕ್ತ ಕೊಟ್ಟದ್ ಆಸ್ಪತ್ರೆಯವ್ರೇ ಅಲ್ದಾ?"

ಅಮ್ಮನ ಮಾತೇ ಸರಿ. ನಮ್ಮ ದೇಶದಲ್ಲಿ ದಾನದ ರಕ್ತಕ್ಕೆ ಈ ಪರೀಕ್ಷೆ ಕಡ್ಡಾಯವಾದದ್ದೇ 2001ರಲ್ಲಿ. ಬ್ರಿಟನ್ನಿನಲ್ಲಿ 2024ರ ಮೇ ತಿಂಗಳಲ್ಲಿ ತನಿಖಾ ವರದಿ ಬಂತು: ಹೀಗೆ ಸೋಂಕು ತಗುಲಿದವರು 30,000ಕ್ಕೂ ಹೆಚ್ಚು. ಅಲ್ಲಿನ ಪ್ರಧಾನಿ ಕ್ಷಮೆ ಕೇಳಿದರು. ನಮ್ಮವರನ್ನು ಎಣಿಸಿದವರು ಯಾರು? ಸ್ವತಃ ಹಿಮೋಫಿಲಿಯಾ ಇರುವ ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರಂಥವರು ಸೊಸೈಟಿ ಕಟ್ಟಿ ನಿಲ್ಲಬೇಕಾಯ್ತು.

2001ಕ್ಕೆ ಮುಂಚೆ ರಕ್ತ ಹಾಕಿಸಿಕೊಂಡವರು ನಿಮ್ಮ ಕೇರಿಯಲ್ಲಿದ್ದರೆ ಪರೀಕ್ಷೆ ಮಾಡಿಸಿ. 2018ರಿಂದ ಸರ್ಕಾರದ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಮಾತ್ರೆ ಉಚಿತ, ಹೆಚ್ಚಿನವರಿಗೆ 12 ವಾರ. ಅಣ್ಣನಿಗೆ ಈಗ ಒಂಬತ್ತನೇ ವಾರ.