ಮೌಗ್ಲಿಯ ಚಡ್ಡಿ

ಅಕ್ಕನ ಮಗನಿಗೆ ನಾಲ್ಕು ಚಡ್ಡಿ ತರೋಣವೆಂದು ಅಂಗಡಿಗೆ ಹೋಗಿದ್ದೆ. ಜೊತೆಯಲ್ಲಿ ಅವನ ಅಕ್ಕ, ಪಿಯುಸಿ ಓದುವ ಹುಡುಗಿ. "ಐದು ವರ್ಷದ ಹುಡುಗನಿಗೆ ಚಡ್ಡಿ ತೋರಿಸಪ್ಪ" ಅಂದೆ. ಅಂಗಡಿಯ ಹುಡುಗ ಸ್ವಲ್ಪ ತಡವರಿಸಿ, "ಇನ್ನರ್ಸಾ ಸಾರ್, ಶಾರ್ಟ್ಸಾ?" ಅಂದ. "ಚಡ್ಡಿ ಕಣಪ್ಪ. ಜೇಬಿರುತ್ತಲ್ಲ, ಅದು" ಎಂದು ಬಿಡಿಸಿ ಹೇಳುವಷ್ಟರಲ್ಲಿ ಪಕ್ಕೆಗೊಂದು ಮೊಳಕೈ ತಿವಿತ ಬಿತ್ತು.

"ಮಾಮ, ಪ್ಲೀಸ್. ಶಾರ್ಟ್ಸ್ ಅನ್ನು. ಚಡ್ಡಿ ಅಂದ್ರೆ ಒಂಥರಾ ಕೇಳ್ಸುತ್ತೆ."

ಹೊರಗೆ ಬಂದ ಮೇಲೆ ಅವಳಿಗೇ ಪಾಪ ಅನ್ನಿಸಿರಬೇಕು. ಮಾತು ಬದಲಿಸಲೆಂದು, ದೊಡ್ಡವರ ಮಂಡಿನೋವು ವಿಚಾರಿಸುವ ದನಿಯಲ್ಲಿ, "ನಿನ್ನ ಫೇವರಿಟ್ ಅನಿಮೆ ಯಾವುದು ಮಾಮ?" ಎಂದು ಕೇಳಿದಳು. ಅವಳ ಕೋಣೆಯ ಗೋಡೆ ತುಂಬ ದೊಡ್ಡ ಕಣ್ಣಿನ, ಮುಳ್ಳುಮುಳ್ಳು ಕೂದಲಿನ ಹುಡುಗರ ಚಿತ್ರಗಳಿವೆ. ನನಗೆ ಅವರಲ್ಲಿ ಒಬ್ಬನ ಹೆಸರೂ ಬಾಯಿಗೆ ಬರುವುದಿಲ್ಲ. ಆದರೂ ಯೋಚನೆ ಮಾಡದೆ "ಮೌಗ್ಲಿ" ಅಂದೆ.

"ಅದು ಅನಿಮೆ ಅಲ್ಲ ಮಾಮ. ದೂರದರ್ಶನದ ಕಾರ್ಟೂನು."

ಇಲ್ಲಿ ನಾನು ಗೆದ್ದೆ. ಅದು ಅಪ್ಪಟ ಜಪಾನಿನ ಸರಕು. ನಿಪ್ಪಾನ್ ಅನಿಮೇಷನ್ ಎಂಬ ಸಂಸ್ಥೆ ಮಾಡಿದ ಐವತ್ತೆರಡು ಕಂತಿನ 'ಜಂಗಲ್ ಬುಕ್: ಶೋನೆನ್ ಮೌಗ್ಲಿ', 1989ರ ಅಕ್ಟೋಬರ್‌ನಲ್ಲಿ ಟೀವಿ ಟೋಕಿಯೋದಲ್ಲಿ ಶುರುವಾದದ್ದು. ನಮ್ಮ ಮನೆಗೆ ಅದು 1993ರ ಸುಮಾರಿಗೆ, ಭಾನುವಾರದ ಬೆಳಿಗ್ಗೆ, ಹಿಂದಿ ಮಾತಾಡಿಕೊಂಡು ಬಂತು. ಬಂದದ್ದು ಜಪಾನಿನಿಂದ ಅಂತ ನಮಗೆ ಯಾರೂ ಹೇಳಲಿಲ್ಲ. ಕಾಡು ನಮ್ಮದು, ಭಾಲೂ ನಮ್ಮದು, ಶೇರ್ ಖಾನನ ಗಂಟಲು ನಾನಾ ಪಾಟೇಕರ್ ಅವರದು. ಅನುಮಾನಕ್ಕೆ ಎಡೆ ಎಲ್ಲಿ?

ಹಿಂದಿ ನಮ್ಮದಾಗಿರಲಿಲ್ಲ ಅನ್ನುವುದೊಂದು ಬಿಟ್ಟರೆ. ಶಾಲೆಯಲ್ಲಿ ಹಿಂದಿ ಪಾಠ ಇನ್ನೂ ಶುರುವಾಗಿರಲಿಲ್ಲ. ಗುಲ್ಜಾರ್ ಬರೆದು, ವಿಶಾಲ್ ಭಾರದ್ವಾಜ್ ರಾಗ ಹಾಕಿದ ಆ ಶೀರ್ಷಿಕೆ ಗೀತೆಯಲ್ಲಿ ಬಾಯಿಪಾಠವಾದದ್ದಷ್ಟೂ ಗುಂಯ್‌ಗುಟ್ಟುವ ಸದ್ದು. ಆದರೆ ಆ ಸದ್ದಿನ ನಡುವೆ ಒಂದು ಪದ ಮಾತ್ರ ಎದ್ದು ನಿಂತು ನಮ್ಮತ್ತ ಕೈಬೀಸುತ್ತಿತ್ತು. ಚಡ್ಡಿ! ದೆಹಲಿಯಿಂದ ಬರುವ ಟೀವಿಯಲ್ಲಿ, ಎಲ್ಲರೆದುರಿಗೆ, ರಾಗವಾಗಿ, ನಮ್ಮ ಮನೆಯ ಚಡ್ಡಿ. ಬೀದಿಯ ಏಳೆಂಟು ಹುಡುಗರು ಗುನುಗುತ್ತ ಗುನುಗುತ್ತ ಆ ಪದ ಬಂದ ಕೂಡಲೇ ಕಿತ್ತುಕೊಂಡು ಕೂಗುತ್ತಿದ್ದೆವು. ಅಪ್ಪ ಪೇಪರನ್ನು ಮೂಗಿನ ಮಟ್ಟಕ್ಕೆ ಇಳಿಸಿ ಒಮ್ಮೆ ನೋಡಿ ಮತ್ತೆ ಏರಿಸಿಕೊಳ್ಳುತ್ತಿದ್ದರು. ಕಾರ್ಯಕ್ರಮ ನಡೆಯುವಾಗ ಕರೆಂಟು ಹೋದರೆ ಅಳುತ್ತಿರಲಿಲ್ಲ; ಹಾಡು ಮುಗಿಯುವ ಮೊದಲೇ ಹೋದರೆ ಅಳುತ್ತಿದ್ದೆವು.

ನಮ್ಮದು ಬ್ಲ್ಯಾಕ್ ಅಂಡ್ ವೈಟ್ ಟೀವಿ. ಆದ್ದರಿಂದ ಮೌಗ್ಲಿಯ ಚಡ್ಡಿಯ ಬಣ್ಣ ಯಾವುದೆಂಬುದು ವಾರಗಟ್ಟಲೆ ಚರ್ಚೆಯಾಗುತ್ತಿತ್ತು. ಮೂಲೆಮನೆಯಲ್ಲಿ ಕಲರ್ ಟೀವಿ ಇತ್ತು. ಅವರ ಮಗ ಕೆಂಪು ಎಂದು ಆಣೆ ಮಾಡಿ ಹೇಳಿದ. ಆದರೆ ಅವರಪ್ಪ ಕೊಟ್ಟ ದುಡ್ಡು ವಸೂಲಾಗಲೆಂದು ಬಣ್ಣದ ಗುಂಡಿಯನ್ನು ಪೂರ್ತಿ ತಿರುಗಿಸಿಟ್ಟಿದ್ದರು. ಆ ಮನೆಯಲ್ಲಿ ವಾರ್ತೆ ಓದುವವರೂ ಕೆಂಪಗೇ ಇರುತ್ತಿದ್ದರು. ಹಾಗಾಗಿ ಅವನ ಸಾಕ್ಷಿ ಬಿದ್ದುಹೋಯಿತು.

ಆ ಚಡ್ಡಿ ಎಂಬ ಪದಕ್ಕೆ ಹಾಡು ಸಿದ್ಧವಾಗುವಾಗಲೇ ತಕರಾರು ಬಂದಿತ್ತಂತೆ ಎನ್ನುವುದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಮಕ್ಕಳ ಹಾಡಿನಲ್ಲಿ ಆ ಮಾತು ಬೇಡ, ಬದಲಿಗೆ ಲುಂಗಿ ಅನ್ನಬಹುದಲ್ಲ ಎಂದು ಯಾರೋ ಸಲಹೆ ಕೊಟ್ಟರಂತೆ, ಗುಲ್ಜಾರ್ ಒಪ್ಪಲಿಲ್ಲವಂತೆ. ಅವರಿಗೆ ನಮ್ಮ ಬೀದಿಯ ಪರವಾಗಿ ನಮಸ್ಕಾರ. ಲುಂಗಿ ಉಟ್ಟ ಮೌಗ್ಲಿಯನ್ನು ಕಲ್ಪಿಸಿಕೊಳ್ಳಿ. ಬಿಳಲು ಹಿಡಿದು ಜೀಕುವ ಮೊದಲು ಒಮ್ಮೆ ಎತ್ತಿ ಕಟ್ಟಬೇಕು, ಇಳಿದ ಮೇಲೆ ಬಿಚ್ಚಿ ಬಿಡಬೇಕು, ಗುರುಹಿರಿಯರಾದ ಭಾಲೂ, ಬಘೀರಾ ಎದುರಾದರೆ ಗೌರವಕ್ಕೆ ಕೆಳಗಿಳಿಸಬೇಕು. ಶೇರ್ ಖಾನ್ ಹಲ್ಲು ಉಗುರು ಏನನ್ನೂ ಬಳಸಬೇಕಾಗಿರಲಿಲ್ಲ. ಚುಂಗು ಹಿಡಿದು ಎಳೆದಿದ್ದರೆ ಐವತ್ತೆರಡು ಕಂತು ಒಂದೇ ಕಂತಿಗೆ ಮುಗಿಯುತ್ತಿತ್ತು.

ಇಷ್ಟೆಲ್ಲ ಯೋಚಿಸುವವನು ಮೂಲ ಪುಸ್ತಕವನ್ನು ಓದದೆ ಬಿಡುತ್ತಾನೆಯೇ? ಕಿಪ್ಲಿಂಗ್ ಮುಂಬಯಿಯಲ್ಲಿ ಹುಟ್ಟಿದವನೇನೋ ಹೌದು. ಆದರೆ 'ಜಂಗಲ್ ಬುಕ್' ಬರೆದದ್ದು ಅಮೆರಿಕದ ವರ್ಮಾಂಟ್‌ನಲ್ಲಿ, ಚಳಿಗಾಲದಲ್ಲಿ ಕಿಟಕಿಯ ಮಟ್ಟಕ್ಕೆ ಹಿಮ ಬೀಳುವ ಊರಿನಲ್ಲಿ ಕೂತು. ಕಥೆ ನಡೆಯುವ ಮಧ್ಯಪ್ರಾಂತದ ಸಿಯೋನಿ ಕಾಡನ್ನು ಅವನು ಕಣ್ಣಾರೆ ಕಂಡಿರಲಿಲ್ಲ. ಮೌಗ್ಲಿ ಅಂದರೆ ಕಪ್ಪೆ ಎಂದು ಹೇಳಿದ. ಯಾವ ಭಾಷೆಯಲ್ಲೂ ಅದಕ್ಕೆ ಆ ಅರ್ಥವಿಲ್ಲ, ಅವನೇ ಕಟ್ಟಿದ ಪದ. 1894ರಲ್ಲಿ ಪುಸ್ತಕ ಬಂತು. ಅದರಲ್ಲಿ ನಾನು ಹುಡುಕಿದ್ದು ಒಂದೇ ವಸ್ತು. ಸಿಗಲಿಲ್ಲ. ತೋಳಗಳ ಜೊತೆ ಬೆಳೆದ ಪುಸ್ತಕದ ಮೌಗ್ಲಿ ಬರಿಮೈಯವನು. ಊರೊಳಗೆ ಬಂದ ಮೇಲೆ ಮೊದಲು ಮೈಗೆ ಬಟ್ಟೆ ಸುತ್ತಿಸಿದರು, ಆಮೇಲೆ ದುಡ್ಡಿನ ಲೆಕ್ಕ ಕಲಿಸಿದರು, ಆಮೇಲೆ ಉಳುಮೆ. ಮೂರೂ ಅವನಿಗೆ ಹಿಡಿಸಲಿಲ್ಲ. ಬಟ್ಟೆಯಂತೂ ಹಿಂಸೆಯೇ ಆಯಿತು.

ಚಡ್ಡಿ ಹಾಗಾದರೆ ಜಪಾನಿನವರ ಕೊಡುಗೆಯೇ? ಅವರು ಕೊಡುಗೈಯವರು, ಅದರಲ್ಲಿ ಸಂಶಯವಿಲ್ಲ. ಮೌಗ್ಲಿಯ ಕೈಗೆ ಬೂಮೆರಾಂಗ್ ಕೊಟ್ಟರು. ಹಿಮಾಲಯದ ತಂಪಿನಲ್ಲಿ ಬದುಕುವ ಕೆಂಪು ಪಾಂಡಾವನ್ನು ಕಿಚಿ ಎಂದು ಹೆಸರಿಟ್ಟು ಸಿಯೋನಿಯ ಸೆಖೆಗೆ ತಂದು ಬಿಟ್ಟರು. ಆ ವಯಸ್ಸಿನಲ್ಲಿ ನಾವು ಇದನ್ನೆಲ್ಲ ಪ್ರಶ್ನಿಸಲಿಲ್ಲ. ಬೂಮೆರಾಂಗಿಗಾಗಿ ತೆಂಗಿನ ಗರಿಯ ಮಟ್ಟೆ ಸವರಿ ಎಸೆದೆವು. ಅದು ತಿರುಗಿ ಬರುವ ಬದಲು ಎದುರು ಮನೆಯ ಹೆಂಚಿನ ಮೇಲೆ ಬೀಳುತ್ತಿತ್ತು, ತಿರುಗಿ ಬರುತ್ತಿದ್ದವರು ಆ ಮನೆಯ ಅಜ್ಜಿ.

ಚಡ್ಡಿಯ ಬೇರು ಹುಡುಕುತ್ತ ಹೋದವನಿಗೆ ಅಡ್ಡ ಬಂದದ್ದು ನನ್ನ ಸೋದರಮಾವ. ಅವರು ಎಚ್.ಡಿ. ಕೋಟೆಯವರು. ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದಾಗ, ಟೀವಿಯ ಮುಂದೆ ಬಾಯಿಬಿಟ್ಟು ಕೂತಿದ್ದ ನನ್ನ ತಲೆ ಸವರಿ, "ಇವನು ನಮ್ ಕಾರಾಪುರದ ಹುಡುಗ ಕಣೋ. ಮಾವುತನ ಮಗ" ಅಂದಿದ್ದರು. ಮಾವ ದೊಡ್ಡ ಬುರುಡೆ ದಾಸರು. ಅವರ ಲೆಕ್ಕದಲ್ಲಿ ದ್ರೌಪದಿಯೂ ಎಚ್.ಡಿ. ಕೋಟೆಯ ಸುತ್ತಮುತ್ತಲೇ ನೀರು ಸೇದಿದವಳು. ನಾನು ನಕ್ಕುಬಿಟ್ಟೆ.

ಮಾವ ಹೇಳಿದ್ದು ಮುಕ್ಕಾಲು ಪಾಲು ನಿಜವಾಗಿತ್ತು. ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮೈಸೂರು ಮಹಾರಾಜರ ಆನೆಲಾಯದ ಮಾವುತನ ಮಗ, ತಬ್ಬಲಿ ಹುಡುಗ. ಕಿಪ್ಲಿಂಗನ ಅದೇ 'ಜಂಗಲ್ ಬುಕ್' ಸಂಪುಟದಲ್ಲಿ ಆನೆಗಳ ತೂಮಾಯಿ ಎಂಬ ಪೋರನ ಕಥೆಯೂ ಇದೆ. ಅದನ್ನು ಸಿನಿಮಾ ಮಾಡಲು ರಾಬರ್ಟ್ ಫ್ಲಾಹರ್ಟಿ ಮೈಸೂರಿಗೆ ಬಂದ. ಹುಡುಗನನ್ನು ಹುಡುಕುವಾಗ ಸಾಬು ಸಿಕ್ಕಿದ. 1937ರಲ್ಲಿ 'ಎಲಿಫೆಂಟ್ ಬಾಯ್' ಬಿಡುಗಡೆಯಾಗಿ, ಆನೆಯ ಕಿವಿ ಹಿಡಿದು ಬೆಳೆದವನು ಇಂಗ್ಲೆಂಡಿನ ಸ್ಟುಡಿಯೋ ಸೇರಿ, ಅಲ್ಲಿಂದ ಅಮೆರಿಕಕ್ಕೆ ಹೋದ. 1942ರ 'ಜಂಗಲ್ ಬುಕ್' ಸಿನಿಮಾದಲ್ಲಿ ಮೌಗ್ಲಿಯಾದವನು ಅವನೇ. ಅಂದರೆ ಬೆಳ್ಳಿತೆರೆಯ ಮೇಲೆ ಜಗತ್ತು ನೋಡಿದ ಮೌಗ್ಲಿ ಕಬಿನಿ ದಡದವನು. ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆ ಸೇರಿ ಬಾಂಬರ್ ವಿಮಾನದ ಬಾಲದಲ್ಲಿ ಬಂದೂಕು ಹಿಡಿದು ಕೂತ. 1963ರಲ್ಲಿ ತೀರಿಕೊಂಡಾಗ ಇನ್ನೂ ಮೂವತ್ತೊಂಬತ್ತು.

ಇದನ್ನು ತಿಳಿದ ದಿನವೇ ಮಾವನಿಗೆ ಫೋನು ಮಾಡಿದೆ. ಎಂಬತ್ತು ದಾಟಿದ್ದರೂ ದನಿ ಹಾಗೇ ಇದೆ.

"ಮಾವ, ಮೌಗ್ಲಿ ಕಾರಾಪುರದವನು ಅಂದಿದ್ರಲ್ಲ, ನೀವು ಹೇಳಿದ್ದು ಸರಿ."

"ಯಾವ ಮೌಗ್ಲಿ?"

ನೆನಪು ಮಾಡಿಕೊಟ್ಟೆ. ಚಡ್ಡಿಯ ಸಂಗತಿಯನ್ನೂ ಹೇಳಿದೆ.

"ಮಾವುತರ ಹುಡುಗರಿಗೆ ಆಗ ಚಡ್ಡಿ ಎಲ್ಲಿಂದ ಬರಬೇಕಪ್ಪ, ಲಂಗೋಟಿ" ಅಂದು, ಮಳೆ ಬಂತಾ ಎಂದು ವಿಚಾರಿಸಿ ಫೋನಿಟ್ಟರು.

ಮಾವನ ಲಂಗೋಟಿಯೇ ನನ್ನನ್ನು ದಾರಿಗೆ ಹಚ್ಚಿತು. ಮೌಗ್ಲಿ ಮೊದಲ ಸಲ ಅಚ್ಚಾದದ್ದು 'ಜಂಗಲ್ ಬುಕ್'ನಲ್ಲಿ ಅಲ್ಲವೇ ಅಲ್ಲ. ಅದಕ್ಕೂ ಒಂದು ವರ್ಷ ಮೊದಲು, 1893ರಲ್ಲಿ, 'ಇನ್ ದಿ ರುಖ್' ಎಂಬ ಕಥೆಯಲ್ಲಿ. ಅಲ್ಲಿ ಅವನು ಮಗುವಲ್ಲ, ಬೆಳೆದ ಗಂಡಸು. ಕಾಡಿನ ಇಲಾಖೆಯ ಬಿಳಿ ಸಾಹೇಬನ ಮುಂದೆ ಒಣಗಿದ ಹಳ್ಳದ ಪಾತ್ರದಲ್ಲಿ ನಡೆದು ಬರುತ್ತಾನೆ. ಕಥೆಯ ಕೊನೆಗೆ ಸರ್ಕಾರ ಅವನನ್ನು ಫಾರೆಸ್ಟ್ ಗಾರ್ಡ್ ಮಾಡಿ, ಸಂಬಳ ಗೊತ್ತುಮಾಡಿ, ಮುಂದೆ ಪಿಂಚಣಿಯೂ ಉಂಟೆಂದು ಹೇಳುತ್ತದೆ. ತೋಳಗಳ ತಮ್ಮನಿಗೆ ಸರ್ಕಾರಿ ನೌಕರಿ! ನಮ್ಮಪ್ಪನಿಗೆ ಗೊತ್ತಾಗಿದ್ದರೆ ಪೇಪರು ಇಳಿಸಿ ಪೂರ್ತಿ ಸೀರಿಯಲ್ ನೋಡುತ್ತಿದ್ದರು.

ನನಗೆ ಬೇಕಾದದ್ದು ಅವನು ನಡೆದು ಬರುವ ಆ ಒಂದು ಸಾಲು. ಮೈಮೇಲೆ ಸೊಂಟದ ತುಂಡೊಂದು ಬಿಟ್ಟು ಬೇರೇನಿಲ್ಲ. ತಲೆಯ ಮೇಲೆ ಬಿಳಿ ಬಳ್ಳಿಹೂವಿನ ದಂಡೆ. ಓದಿದವನು ಪುಸ್ತಕ ಮಡಿಸಿಟ್ಟು ಸುಮ್ಮನೆ ಕೂತೆ. ಲೋಕಕ್ಕೆ ಮೊದಲು ಕಾಣಿಸಿಕೊಂಡ ಮೌಗ್ಲಿ ಚಡ್ಡಿ ಮತ್ತು ಹೂವು, ಎರಡೇ ಆಸ್ತಿಯವನು. ನೂರು ವರ್ಷದ ಮೇಲೆ ಮುಂಬಯಿಯ ಕವಿ ಜಪಾನಿನ ಮೌಗ್ಲಿಗೆಂದು ಬರೆದ ಹಾಡಿನಲ್ಲೂ ಅವೆರಡೂ ಪಕ್ಕಪಕ್ಕದಲ್ಲೇ ಇವೆ. ಗುಲ್ಜಾರ್ ಆ ಹಳೆಯ ಕಥೆ ಓದಿ ಬರೆದರು ಎಂದು ನಾನು ಹೇಳುತ್ತಿಲ್ಲ. ಓದದೆಯೇ ಬರೆದಿದ್ದರೆ ನನಗೆ ಇನ್ನೂ ಖುಷಿ.

ಇದನ್ನೆಲ್ಲ ಸ್ಕೂಟರಿನ ಹಿಂದೆ ಕೂತ ಹುಡುಗಿಗೆ ಗಾಳಿಗೆ ಕೂಗಿ ಕೂಗಿ ಹೇಳಿದೆ. ಎಷ್ಟು ಕೇಳಿಸಿತೋ. ಮನೆಗೆ ಬಂದವಳೇ ಮೊಬೈಲಿನಲ್ಲಿ ಮೌಗ್ಲಿಯನ್ನು ಹುಡುಕಿ ತೆಗೆದಳು, ಜಪಾನಿ ಭಾಷೆಯದು. ಶೀರ್ಷಿಕೆ ಗೀತೆ ಶುರುವಾಯಿತು. ನಾನು ಕಿವಿ ನಿಮಿರಿಸಿ ಕಾದೆ. ರಾಗವೇ ಬೇರೆ, ಹಾಡೇ ಬೇರೆ. ನಮ್ಮ ಹಾಡು ನಮಗೆಂದೇ ಮಾಡಿದ್ದು ಎಂದು ಗೊತ್ತಿದ್ದರೂ, ಮುಗಿಯುವವರೆಗೆ ಆ ಒಂದು ಪದಕ್ಕಾಗಿ ಕಾದೆ. ಬರಲಿಲ್ಲ. ಹುಡುಗಿ ಮಾತ್ರ ಕಂತು ನಿಲ್ಲಿಸಲಿಲ್ಲ. "ಬಘೀರಾ ಹೆಣ್ಣಾ? ಸೂಪರ್" ಎಂದು ಸೋಫಾದ ಮೇಲೆ ಕಾಲು ಮಡಿಚಿಕೊಂಡಳು.

ಅಷ್ಟರಲ್ಲಿ ಅವಳ ತಮ್ಮ ಪೊಟ್ಟಣ ಹರಿದು, ನಾಲ್ಕರಲ್ಲಿ ಕೆಂಪಿನದನ್ನು ಏರಿಸಿಕೊಂಡು, ಅಂಗಿಯಿಲ್ಲದ ಮೈಯಲ್ಲಿ ಓಡಿ ಬಂದು ಸೋಫಾದ ಮೇಲಿಂದ ದಿವಾನಕ್ಕೆ ಹಾರಿದ. ನನ್ನಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು, ಕೈಯಲ್ಲಿ ಸೌಟು ಹಿಡಿದುಕೊಂಡೇ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದಳು:

"ಚಡ್ಡಿ ಚೆನ್ನಾಗಿದೆಯಲ್ಲೋ!"

ಹುಡುಗಿ ಮೊಬೈಲಿನಿಂದ ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಬಿಲ್ಲು ಮಡಿಸಿ ಜೇಬಿಗೆ ಹಾಕಿಕೊಂಡೆ.