ಚಿಕ್ಕಪ್ಪನ ಮಚ್ಚು, ನಾವು ಬರೆದ ಸುದ್ದಿ

ಅವತ್ತು ಗಣಪತಿ ಬಿಡುವ ದಿನ. ಎಳನೀರು ಇಳಿಸೋಕೆ ಚಿಕ್ಕಪ್ಪನ ಜೊತೆ ಲಗೇಜ್ ಆಟೊದಲ್ಲಿ ಹೊರಟಿದ್ದೆವು. ಪಟ್ಟಣದ ಕ್ರಾಸಿನಲ್ಲಿ ಪೊಲೀಸರು ಬ್ಯಾರಿಕೇಡ್ ಹಾಕಿದ್ದರು. ಸೀಟಿನ ಕೆಳಗೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಎರಡು ಮಚ್ಚು ಸಿಕ್ಕವು.

“ಏನಯ್ಯಾ ಇದು?”

“ಎಳನೀರು ಕೊಚ್ಚೋದು ಸಾರ್.”

“ಹಬ್ಬದ ದಿನ ಎಂಥ ಎಳನೀರು? ಇಳಿ ಕೆಳಗೆ.”

ಒಂದು ಗಂಟೆ ಬಿಸಿಲಲ್ಲಿ ನಿಂತೆವು. ಕೊನೆಗೆ ಆಟೊ ಬಿಟ್ಟರು, ಮಚ್ಚು ಕೊಡಲಿಲ್ಲ. ಒಂದು ಚೀಟಿಯನ್ನೂ ಬರೆದುಕೊಡಲಿಲ್ಲ. ಪತ್ರಿಕೋದ್ಯಮ ಓದಿದ ನಾವೂ ಕೇಳಲಿಲ್ಲ. ವಾಪಸ್ ಬರುವಾಗ ಚಿಕ್ಕಪ್ಪ, “ನನ್ನನ್ನೂ ರೌಡಿ ಅಂದ್ಕೊಂಡ್ರೇನ್ರೋ?” ಅಂದರು. ಆ ದಿನದ ಕೂಲಿ ಹೋಗಿದ್ದಕ್ಕಿಂತ ಅವರಿಗೆ ಅದೇ ದೊಡ್ಡ ನೋವಾಗಿತ್ತು.

ನಮಗೆ ನಮ್ಮದೇ ಸುದ್ದಿಗಳು ನೆನಪಾದವು. ‘ಮಾರಕಾಸ್ತ್ರ ವಶ’ ಎಂದು ಪೊಲೀಸರ ಪ್ರಕಟಣೆ ನೋಡಿಕೊಂಡು ನಾವೂ ಎಷ್ಟೋ ಸಲ ಬರೆದಿದ್ದೇವೆ. ಆ ಮಚ್ಚು ಯಾರದು, ಯಾವ ಕೆಲಸಕ್ಕೆ ಒಯ್ಯುತ್ತಿದ್ದರು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ಆಮೇಲೆ ಕಾನೂನು ಓದಿದೆವು. 1959ರ ಶಸ್ತ್ರಾಸ್ತ್ರ ಕಾಯ್ದೆಯ 23ನೇ ಕಲಂ ಪ್ರಕಾರ ಪೊಲೀಸರು ವಾಹನ ನಿಲ್ಲಿಸಿ ಆಯುಧ ಇದೆಯಾ ಎಂದು ತಪಾಸಣೆ ಮಾಡಬಹುದು. ಆದರೆ ಮನೆಬಳಕೆಗೆ, ಬೇಸಾಯಕ್ಕೆ ಎಂದೇ ಮಾಡಿದ ವಸ್ತುಗಳು ಆಯುಧದ ಲೆಕ್ಕಕ್ಕೆ ಬರುವುದಿಲ್ಲ ಎಂದು ಅದೇ ಕಾಯ್ದೆಯ 2ನೇ ಕಲಂ ಹೇಳುತ್ತದೆ. ಹಾಗಂತ ಮಚ್ಚು ತೋರಿಸಿ ಯಾರನ್ನಾದರೂ ಹೆದರಿಸಿದರೆ ಕೇಸು ಬೀಳುತ್ತದೆ. ಹಬ್ಬ, ಚುನಾವಣೆ ಸಮಯದಲ್ಲಿ ಆಯುಧ ಹಿಡಿದು ಓಡಾಡಬಾರದು ಎಂದು ಆದೇಶವೂ ಬರಬಹುದು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಇನ್ನೊಂದು ಮಾತು ಹೇಳುತ್ತದೆ. ಶೋಧನೆ, ಜಪ್ತಿ ಮಾಡುವಾಗ ವಸ್ತುಗಳ ಪಟ್ಟಿ ಮಾಡುವುದು, ಸಾಕ್ಷಿಗಳ ಸಹಿ ಹಾಕಿಸುವುದು ಎಲ್ಲವನ್ನೂ ವಿಡಿಯೊ ಮಾಡಬೇಕು, ಮೊಬೈಲ್‌ನಲ್ಲಾದರೂ ಸರಿ. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ, ಮರ್ಯಾದೆಗೆ ಕುಂದು ಬಾರದಂತೆ ಮಾಡಬೇಕು.

ಪೊಲೀಸರ ಕಷ್ಟವೂ ನಮಗೆ ಗೊತ್ತು. ಮೆರವಣಿಗೆಯಲ್ಲಿ ಹೊಡೆದಾಟ ಆದರೆ ಮೊದಲು ಅವರನ್ನೇ ಕೇಳುತ್ತಾರೆ. ಅದಕ್ಕೇ ತಡೆದಾಗ ಜಗಳ ಬೇಡ. ಯಾವ ತೋಟಕ್ಕೆ, ಏನು ಕೆಲಸಕ್ಕೆ ಎಂದು ಹೇಳಿ. ತೋಟದವರಿಗೆ ಫೋನ್ ಮಾಡಿಸಿ. ವಸ್ತು ಇಟ್ಟುಕೊಂಡರೆ, “ಸಾರ್, ಪಟ್ಟಿ ಬರೆದುಕೊಡಿ” ಎಂದು ಕೇಳಿ.

ಚಿಕ್ಕಪ್ಪ ಕುಲುಮೆಯಲ್ಲಿ ಹೊಸ ಮಚ್ಚು ಮಾಡಿಸಿದ್ದಾರೆ. ಈಗಲೂ ಆ ಕ್ರಾಸ್ ತಪ್ಪಿಸಿ ಕೆರೆ ಏರಿ ಮೇಲೆ ಸುತ್ತಿಕೊಂಡು ಹೋಗುತ್ತಾರೆ. ನಾವು ಮಾತ್ರ ‘ಮಾರಕಾಸ್ತ್ರ’ ಎಂದು ಬರೆಯುವ ಮೊದಲು ಸ್ಟೇಷನ್‌ಗೂ ಆ ಮನೆಗೂ ಒಂದೊಂದು ಫೋನ್ ಮಾಡುತ್ತಿದ್ದೇವೆ.